ಇಂಗ್ಲಿಷ್ ಸಮಾಸಪದಗಳ ಉಚ್ಚಾರಣೆ: ಬೆಸುಗೆ ಎಲ್ಲಿ, ಭಾರ ಎಲ್ಲಿ?

ಗಡಿನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗಲೆಲ್ಲ ತಾಯ್ತಂದೆಯರು ತೋಡಿಕೊಳ್ಳುವ ಆತಂಕ ಹೆಚ್ಚುಕಡಿಮೆ ಒಂದೇ ಬಗೆಯದು. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದೆ. ಇಂಗ್ಲಿಷ್ ಪಾಠವನ್ನು ಓದಿ ಅರ್ಥ ಹೇಳುತ್ತದೆ. ಸ್ಪೆಲ್ಲಿಂಗ್ ತಪ್ಪದೆ ಬರೆಯುತ್ತದೆ. ಆದರೆ ಬಾಯಿ ತೆರೆದು ನಾಲ್ಕು ಮಾತು ಆಡಿದರೆ ಕೇಳುವವರು ಮತ್ತೊಮ್ಮೆ ಹೇಳೆನ್ನುತ್ತಾರೆ. ಮುಂದೆ ಕಾಲೇಜಿಗೆ ಹೋದಾಗ, ಪುಸ್ತಕದಲ್ಲಿ ಕಂಡರೆ ಚೆನ್ನಾಗಿ ತಿಳಿಯುವ ಪದವೇ ಅಧ್ಯಾಪಕರ ಬಾಯಿಂದ ಬಂದಾಗ ಅಪರಿಚಿತವಾಗಿ ಕೇಳಿಸುತ್ತದೆ. ಇದಕ್ಕೆಲ್ಲ ಕನ್ನಡವೇ ಕಾರಣವೆಂದು ಬಗೆದು ಎಷ್ಟೋ ಮಂದಿ ಮಕ್ಕಳನ್ನು ಮೂರನೆಯ, ನಾಲ್ಕನೆಯ ತರಗತಿಯಲ್ಲಿಯೇ ಕನ್ನಡ ಶಾಲೆಯಿಂದ ಬಿಡಿಸುತ್ತಾರೆ. ಮಗು ಕನ್ನಡವನ್ನು ಕಳೆದುಕೊಳ್ಳುತ್ತದೆ. ಉಚ್ಚಾರಣೆಯ ತೊಡಕು ಮಾತ್ರ ಹೊಸ ಶಾಲೆಗೂ ಅದರ ಬೆನ್ನುಹತ್ತಿ ಹೋಗುತ್ತದೆ.

ತೊಡಕು ಕನ್ನಡದಿಂದ ಬಂದುದಲ್ಲ. ಇಂಗ್ಲಿಷಿನ ಒಂದು ಮುಖ್ಯ ಲಕ್ಷಣವನ್ನು ನಾವು ಮಕ್ಕಳಿಗೆ ಹೇಳಿಕೊಡದೆ ಇರುವುದರಿಂದ ಬಂದುದು. ಇನ್ನೂ ಮುಂದುವರಿದು ಹೇಳುವುದಾದರೆ, ಕನ್ನಡ ವ್ಯಾಕರಣವನ್ನು ಸರಿಯಾಗಿ ಓದಿದ ಮಗುವಿಗೆ ಆ ಲಕ್ಷಣವನ್ನು ತಿಳಿಸುವುದು ಸುಲಭ. ಇಂಗ್ಲಿಷಿನ ಸಮಾಸಪದಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಂಗತಿಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಎರಡು ಪಾರಿಭಾಷಿಕ ಶಬ್ದಗಳನ್ನು ನಿಶ್ಚಯಿಸಿಕೊಳ್ಳೋಣ. ಒಂದು ಸ್ವರವನ್ನು ನಡುವೆ ಇಟ್ಟುಕೊಂಡು ಒಮ್ಮೆಗೆ ಹೊರಡುವ ಧ್ವನಿಗಳ ಗುಂಪನ್ನು ಇಂಗ್ಲಿಷಿನವರು ಸಿಲಬಲ್ ಎನ್ನುತ್ತಾರೆ. ನಾವು ಅದನ್ನು ‘ಉಚ್ಚಾರಾಂಶ’ ಎಂದು ಕರೆಯೋಣ. ಪದದ ಒಂದು ಉಚ್ಚಾರಾಂಶವನ್ನು ಉಳಿದವುಗಳಿಗಿಂತ ಎತ್ತರಿಸಿ, ತುಸು ದೀರ್ಘವಾಗಿ, ಗಟ್ಟಿಯಾಗಿ ನುಡಿಯುವುದು ಸ್ಟ್ರೆಸ್. ಇದನ್ನು ‘ಒತ್ತು’ ಎಂದರೆ ಮಕ್ಕಳು ಒತ್ತಕ್ಷರವೆಂದು ಭ್ರಮಿಸುತ್ತಾರೆ. ಆದುದರಿಂದ ‘ಸ್ವರಾಘಾತ’ ಎಂಬ ಶಬ್ದವನ್ನೂ ಸರಳವಾಗಿ ‘ಭಾರ’ ಎಂಬ ಮಾತನ್ನೂ ಬಳಸುತ್ತೇನೆ.

ಅಕ್ಷರವೂ ಉಚ್ಚಾರಾಂಶವೂ

ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದಕ್ಕೆ ಸಲ್ಲುವ ಕಾಲವನ್ನು ಕೊಟ್ಟು ನುಡಿಯುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಯಾವ ಅಕ್ಷರವನ್ನೂ ನುಂಗುವುದು ನಮ್ಮ ಶಿಷ್ಟಾಚಾರವಲ್ಲ. ಇಂಗ್ಲಿಷಿನ ರೀತಿ ಬೇರೆ. ಅಲ್ಲಿ ಪದದ ಒಂದು ಭಾಗ ಯಜಮಾನನಂತೆ ನಡೆದರೆ ಮಿಕ್ಕ ಭಾಗಗಳು ತಲೆತಗ್ಗಿಸಿ ಹಿಂಬಾಲಿಸುತ್ತವೆ. ನಮ್ಮ ಮಕ್ಕಳು ಆ ಭಾಷೆಯ ಪದಗಳಿಗೂ ನಮ್ಮ ಸಮಾನ ನ್ಯಾಯವನ್ನೇ ಅನ್ವಯಿಸಿ, ಕೊನೆಯ ವ್ಯಂಜನಗಳಿಗೆ ಉಕಾರವನ್ನೂ ಸೇರಿಸಿ, ‘ಬ್ಲಾಕುಬೋರ್ಡು’ ಎಂದು ನಾಲ್ಕು ಅಂಶಗಳಾಗಿ ಹೇಳುತ್ತಾರೆ. ಮೂಲದಲ್ಲಿ ಅದು ಎರಡೇ ಉಚ್ಚಾರಾಂಶಗಳ ಪದ: ಬ್ಲ್ಯಾಕ್-ಬೋರ್ಡ್.

ವ್ಯಂಜನಾಂತವಾದ ಉಚ್ಚಾರಾಂಶ ನಮಗೆ ಹೊಸತೆಂದು ಭಾವಿಸಬೇಕಾಗಿಲ್ಲ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂದು ಹೇಳುತ್ತೇವಷ್ಟೆ. ಅದು ಏಕೆ ಗುರು? ‘ಪುಸ್ತಕ’ ಎಂದು ಬರೆದರೂ ನಾಲಗೆ ‘ಪುಸ್-ತ-ಕ’ ಎಂದು ನುಡಿಯುವುದರಿಂದ. ಸಕಾರ ಬರಹದಲ್ಲಿ ಮುಂದಿನ ತಕಾರವನ್ನು ಹೊತ್ತು ನಿಂತಿದ್ದರೂ ಉಚ್ಚಾರದಲ್ಲಿ ಹಿಂದಿನ ಉಕಾರಕ್ಕೆ ಆತುಕೊಂಡಿದೆ. ಪ್ರಸ್ತಾರ ಬಲ್ಲ ವಿದ್ಯಾರ್ಥಿ ಉಚ್ಚಾರಾಂಶವನ್ನು ವಿಭಾಗಿಸಬಲ್ಲ. ತನಗೆ ಆ ವಿದ್ಯೆ ಗೊತ್ತಿದೆಯೆಂಬುದನ್ನು ಮಾತ್ರ ಅವನು ಅರಿಯ.

ಬೆಸುಗೆ ಎಲ್ಲಿ?

ಸಾಮಾನ್ಯ ಪದಗಳಲ್ಲಿ ಉಚ್ಚಾರಾಂಶದ ಗಡಿಯನ್ನು ಎಲ್ಲಿ ಗುರುತಿಸಬೇಕೆಂಬ ವಿಷಯದಲ್ಲಿ ಧ್ವನಿವಿಜ್ಞಾನಿಗಳಲ್ಲಿಯೇ ಭಿನ್ನಾಭಿಪ್ರಾಯಗಳುಂಟು. ಸಮಾಸಪದದಲ್ಲಿ ಮಾತ್ರ ದಾರಿ ನೇರ. ಎರಡು ಪದಗಳು ಕೂಡಿದ ಬೆಸುಗೆಯೇ ಮೊದಲ ಗಡಿ. ಪ್ಲೇ-ಗ್ರೌಂಡ್, ಫುಟ್-ಪಾತ್, ರೈಲ್-ವೇ ಎಂದು ಮೊದಲು ಅಲ್ಲಿ ಕತ್ತರಿಸಿ, ಆಮೇಲೆ ಬೇಕಾದರೆ ಒಳಭಾಗಗಳನ್ನು ಬಿಡಿಸಬೇಕು.

ಈ ಬೆಸುಗೆಯನ್ನು ಕಾಣದ ಮಗು ಓದುವಾಗಲೇ ಎಡವುತ್ತದೆ. ಟಿ ಮತ್ತು ಎಚ್ ಎಂಬ ಅಕ್ಷರಗಳು ಜೊತೆಯಾಗಿ ಬಂದರೆ ಥಕಾರದಂತೆ ಓದಬೇಕೆಂದು ಕಲಿಸಿರುತ್ತೇವೆ. ಮಗು ಅದೇ ನಿಯಮವನ್ನು ಹಿಡಿದು ‘ಹಾಟ್‌ಹೌಸ್’ ಎಂಬಲ್ಲಿ ‘ಹಾಥೌಸ್’ ಎನ್ನುತ್ತದೆ. ಅಲ್ಲಿ ಟಿ ಮೊದಲ ಪದದ್ದು, ಎಚ್ ಎರಡನೆಯ ಪದದ್ದು; ಅವು ನೆರೆಮನೆಯವುಗಳೇ ಹೊರತು ಒಂದೇ ಮನೆಯವಲ್ಲ. ಪಾಟ್-ಹೋಲ್, ಲೈಟ್-ಹೌಸ್, ಸ್ವೀಟ್-ಹಾರ್ಟ್ ಎಂಬವುಗಳಲ್ಲಿಯೂ ಹೀಗೆಯೇ. ಪಿ ಮತ್ತು ಎಚ್ ಸೇರಿದರೆ ‘ಫ’ ಎಂಬುದು ನಿಜ. ಆದರೆ ಲೂಪ್-ಹೋಲ್, ಅಪ್-ಹಿಲ್, ಹ್ಯಾಪ್-ಹ್ಯಾಜರ್ಡ್ ಎಂಬಲ್ಲಿ ಫಕಾರವಿಲ್ಲ. ಕುರಿ ಕಾಯುವವನೆಂಬ ಅರ್ಥದ ‘ಶೆಪರ್ಡ್’ ಕೂಡ ಶೀಪ್ ಮತ್ತು ಹರ್ಡ್ ಸೇರಿ ಆದ ಪದ. ಅದನ್ನು ‘ಶೆಫರ್ಡ್’ ಎನ್ನುವುದು ಬೆಸುಗೆಯನ್ನು ಮರೆತುದರ ಫಲ. ದುರ್ಘಟನೆಯೆಂಬ ಅರ್ಥದ ‘ಮಿಸ್-ಹ್ಯಾಪ್’ ಎಂಬಲ್ಲಿ ಎಸ್ ಮತ್ತು ಎಚ್ ಕೂಡಿ ಶಕಾರವಾಗುವುದಿಲ್ಲ. ‘ಸಮ್‌ಥಿಂಗ್’ ಎಂಬುದನ್ನು ‘ಸೋಮೆಥಿಂಗ್’ ಎಂದು ಓದುವ ಮಗುವಿಗೆ ‘ಸಮ್’ ಎಂಬ ಪದ ಗೊತ್ತೇ ಇದೆ. ಕೂಡಿದ ರೂಪದಲ್ಲಿ ಅದರ ಗುರುತು ಸಿಕ್ಕುವುದಿಲ್ಲ, ಅಷ್ಟೆ.

ಬೆಸುಗೆಯ ಸ್ಥಾನ ಕಿವಿಗೂ ಕೇಳಿಸುತ್ತದೆ. ರಸಾಯನಶಾಸ್ತ್ರದ ‘ನೈಟ್ರೇಟ್’ ಎಂಬಲ್ಲಿ ಟಕಾರ ರಕಾರಗಳು ಕೂಡಿಕೊಂಡು ಎರಡನೆಯ ಉಚ್ಚಾರಾಂಶವನ್ನು ಆರಂಭಿಸುತ್ತವೆ: ನೈ-ಟ್ರೇಟ್. ರಾತ್ರಿಯ ದರವೆಂಬ ಅರ್ಥದ ‘ನೈಟ್-ರೇಟ್’ ಎಂಬಲ್ಲಿ ಟಕಾರ ಮೊದಲ ಭಾಗದಲ್ಲಿಯೇ ಮುಚ್ಚಿಕೊಂಡು, ರಕಾರ ಹೊಸದಾಗಿ ಮೊದಲಾಗುತ್ತದೆ. ಸ್ವಾರ್ಥಿಯೆಂಬ ಅರ್ಥದ ‘ಸೆಲ್ಫ್-ಇಷ್’, ಚಿಪ್ಪಿನ ಜಲಚರಗಳನ್ನು ಹೇಳುವ ‘ಶೆಲ್-ಫಿಷ್’, ಇವೆರಡರ ಪ್ರಾಸ ಒಂದೇ ಆದರೂ ಒಡೆಯುವ ಸ್ಥಳ ಬೇರೆ. ಇಂಗ್ಲಿಷ್ ಬಲ್ಲ ಕಿವಿ ಈ ಸೂಕ್ಷ್ಮವನ್ನು ಪ್ರಯತ್ನವಿಲ್ಲದೆ ಗ್ರಹಿಸುತ್ತದೆ.

ಬರವಣಿಗೆಯಲ್ಲಿಯೂ ಇದರ ಉಪಯೋಗವಿದೆ. ಕನ್ನಡದಲ್ಲಿ ಸಾಲಿನ ಕೊನೆಯಲ್ಲಿ ಸ್ಥಳ ಸಾಲದಿದ್ದರೆ ಯಾವುದೇ ಎರಡು ಅಕ್ಷರಗಳ ನಡುವೆ ಪದವನ್ನು ಮುರಿಯಬಹುದು. ಇಂಗ್ಲಿಷಿನಲ್ಲಿ ಹಾಗೆ ಮಾಡಲಾಗದು. ಒಂದೇ ಉಚ್ಚಾರಾಂಶದ ಪದವನ್ನು ಮುರಿಯಲೇಬಾರದು; ಸಮಾಸಪದವನ್ನು ಬೆಸುಗೆಯಲ್ಲಿಯೇ ಮುರಿಯಬೇಕು. ದಂತಕಥೆಯೆಂಬ ಅರ್ಥದ ‘ಲೆಜೆಂಡ್’ ಪದವನ್ನು ತಪ್ಪಾದ ಸ್ಥಳದಲ್ಲಿ ಕತ್ತರಿಸಿದರೆ ಅದು ‘ಲೆಗ್-ಎಂಡ್’, ಅಂದರೆ ಕಾಲಿನ ತುದಿಯಾಗಿ ಓದುಗನನ್ನು ದಾರಿತಪ್ಪಿಸುತ್ತದೆ.

ಭಾರ ಎಲ್ಲಿ?

ಈಗ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಎರಡು ಪದಗಳು ಕೇವಲ ಅಕ್ಕಪಕ್ಕದಲ್ಲಿ ನಿಂತಿವೆಯೋ ಅಥವಾ ಕೂಡಿ ಒಂದಾಗಿವೆಯೋ ಎಂಬುದನ್ನು ಒಂದೊಂದು ಭಾಷೆ ಒಂದೊಂದು ರೀತಿಯಲ್ಲಿ ಸೂಚಿಸುತ್ತದೆ. ಕನ್ನಡದಲ್ಲಿ ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುತ್ತದೆ, ‘ಕಣ್’ ಮತ್ತು ‘ಪನಿ’ ಸೇರಿ ‘ಕಂಬನಿ’ಯಾಗುತ್ತದೆ, ‘ಬೆಟ್ಟ’ ಮತ್ತು ‘ತಾವರೆ’ ಸೇರಿ ‘ಬೆಟ್ಟದಾವರೆ’ಯಾಗುತ್ತದೆ. ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗಿ ಬರುವ ಈ ಕ್ರಮವನ್ನು 13ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ್ದಾನೆ. ನಮ್ಮ ನೆರೆಹೊರೆಯ ಭಾಷೆಗಳೂ ತಮ್ಮ ತಮ್ಮ ಮುದ್ರೆಯನ್ನು ಒತ್ತುತ್ತವೆ. ಕಾಸರಗೋಡಿನ ಮಗು ಮಲಯಾಳದಲ್ಲಿ ‘ಮಳಕ್ಕಾಲಂ’ ಎಂಬುದನ್ನೂ, ಹೊಸೂರು ತಾಳವಾಡಿಗಳ ಮಗು ತಮಿಳಿನಲ್ಲಿ ‘ಮಳೈಕ್ಕಾಲಂ’ ಎಂಬುದನ್ನೂ ಕೇಳಿ ಬೆಳೆಯುತ್ತದೆ. ಅಲ್ಲಿ ಕಕಾರ ಇಮ್ಮಡಿಯಾಗುವುದೇ ಕೂಡಿಕೆಯ ಗುರುತು. ಆದವಾನಿ ರಾಯದುರ್ಗಗಳ ಮಗು ತೆಲುಗಿನ ‘ತಲ್ಲಿದಂಡ್ರುಲು’ ಎಂಬಲ್ಲಿ ತಕಾರ ದಕಾರವಾದುದನ್ನು ಕೇಳುತ್ತದೆ.

ಇಂಗ್ಲಿಷಿನಲ್ಲಿ ಇಂತಹ ಆದೇಶವಿಲ್ಲ. ಅಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಸ್ವರಾಘಾತ. ಎರಡು ಪದಗಳು ಕೂಡಿ ಒಂದು ನಾಮಪದವಾದಾಗ ಭಾರ ಮೊದಲನೆಯ ಪದದ ಮೇಲೆ ಬೀಳುತ್ತದೆ, ಎರಡನೆಯದು ಹಗುರಾಗುತ್ತದೆ. ಅವು ಕೂಡದೆ, ವಿಶೇಷಣ ವಿಶೇಷ್ಯಗಳಾಗಿ ಬೇರೆಬೇರೆ ನಿಂತಾಗ ಎರಡಕ್ಕೂ ಭಾರವಿದ್ದು, ಹೆಚ್ಚಿನ ಭಾರ ಎರಡನೆಯದಕ್ಕೆ ಸಲ್ಲುತ್ತದೆ. ಅಮೆರಿಕದ ಭಾಷಾವಿಜ್ಞಾನಿಗಳಾದ ನೋಮ್ ಚೋಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ 1968ರ ತಮ್ಮ ಗ್ರಂಥದಲ್ಲಿ ಇವೆರಡನ್ನೂ ಎರಡು ಪ್ರತ್ಯೇಕ ಸೂತ್ರಗಳಾಗಿ ಪ್ರತಿಪಾದಿಸಿದರು.

ಇಂಗ್ಲೆಂಡಿನ ತೋಟಗಳಲ್ಲಿ ಹಾಡುವ ಒಂದು ಹಕ್ಕಿಗೆ ‘ಬ್ಲ್ಯಾಕ್‌ಬರ್ಡ್’ ಎಂದು ಹೆಸರು. ಭಾರ ‘ಬ್ಲ್ಯಾಕ್’ ಮೇಲೆ. ಆ ಜಾತಿಯ ಹೆಣ್ಣು ಹಕ್ಕಿಯ ಬಣ್ಣ ಕಂದು; ಆದರೂ ಅದು ಬ್ಲ್ಯಾಕ್‌ಬರ್ಡ್. ನಮ್ಮ ಅಂಗಳದ ಕಾಗೆ ಕಪ್ಪಾದರೂ ಬ್ಲ್ಯಾಕ್‌ಬರ್ಡ್ ಅಲ್ಲ. ಅದನ್ನು ಕಪ್ಪು ಹಕ್ಕಿಯೆಂದು ವರ್ಣಿಸಬೇಕಾದರೆ ಭಾರವನ್ನು ‘ಬರ್ಡ್’ ಮೇಲೆ ಇಟ್ಟು ‘ಬ್ಲ್ಯಾಕ್ ಬರ್ಡ್’ ಎನ್ನಬೇಕು. ನಮ್ಮ ಹಲವು ಶಾಲೆಗಳ ಹಸಿರು ಹಲಗೆಯನ್ನೂ ‘ಬ್ಲ್ಯಾಕ್‌ಬೋರ್ಡ್’ ಎಂದೇ ಕರೆಯಲು ಅಡ್ಡಿಯಿಲ್ಲದಿರುವುದು ಈ ಕಾರಣದಿಂದಲೇ.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಉದಾಹರಣೆ ಬೇಕೆ? ‘ಹಳೆಯ ಕನ್ನಡ ಪುಸ್ತಕ’ ಮತ್ತು ‘ಹಳಗನ್ನಡ ಪುಸ್ತಕ’ ಎಂಬೆರಡನ್ನು ನೋಡಿ. ಬೆನ್ನು ಕಿತ್ತುಹೋದ ಮೂರನೆಯ ತರಗತಿಯ ಪಠ್ಯ ಹಳೆಯ ಕನ್ನಡ ಪುಸ್ತಕ. ಪಂಪನ ಕಾವ್ಯ ನಿನ್ನೆ ತಾನೆ ಅಚ್ಚಾಗಿ ಬಂದು ಶಾಯಿಯ ವಾಸನೆ ಬೀರುತ್ತಿದ್ದರೂ ಹಳಗನ್ನಡ ಪುಸ್ತಕವೇ. ಕಕಾರ ಗಕಾರವಾಯಿತೆಂಬ ಒಂದೇ ಸೂಚನೆಯಿಂದ ನಮಗೆ ಅರ್ಥಭೇದ ಹೊಳೆಯುತ್ತದೆ. ಇಂಗ್ಲಿಷಿನವನಿಗೆ ಭಾರ ಸರಿದ ಒಂದೇ ಸೂಚನೆಯಿಂದ ಹೊಳೆಯುತ್ತದೆ. ‘ಇಂಗ್ಲಿಷ್ ಟೀಚರ್’ ಎಂಬಲ್ಲಿ ‘ಇಂಗ್ಲಿಷ್’ ಮೇಲೆ ಭಾರವಿದ್ದರೆ ಇಂಗ್ಲಿಷ್ ಪಾಠ ಮಾಡುವವರು. ‘ಟೀಚರ್’ ಮೇಲೆ ಭಾರವಿದ್ದರೆ ಇಂಗ್ಲೆಂಡಿನವರಾದ ಶಿಕ್ಷಕರು, ಅವರು ಗಣಿತವನ್ನೇ ಕಲಿಸುತ್ತಿರಬಹುದು.

ಇನ್ನೊಂದು ಜೋಡಿ ಇನ್ನೂ ಸ್ವಾರಸ್ಯಕರ. ‘ಕುಡಿಯುವ ನೀರು’ ಮತ್ತು ‘ಹರಿಯುವ ನೀರು’ ಎಂಬವುಗಳ ರೂಪ ಕನ್ನಡದಲ್ಲಿ ಒಂದೇ. ಆದರೆ ಹರಿಯುವ ನೀರು ತಾನೇ ಹರಿಯುತ್ತದೆ. ಕುಡಿಯುವ ನೀರು ತಾನು ಕುಡಿಯುವುದಿಲ್ಲ, ನಾವು ಅದನ್ನು ಕುಡಿಯುತ್ತೇವೆ. ಇಂಗ್ಲಿಷ್ ಈ ವ್ಯತ್ಯಾಸವನ್ನು ದನಿಯಲ್ಲಿ ತೋರಿಸುತ್ತದೆ. ‘ಡ್ರಿಂಕಿಂಗ್ ವಾಟರ್’ ಎಂಬುದು ಸಮಾಸ, ಭಾರ ‘ಡ್ರಿಂಕಿಂಗ್’ ಮೇಲೆ. ‘ರನ್ನಿಂಗ್ ವಾಟರ್’ ವಿಶೇಷಣ ವಿಶೇಷ್ಯ, ಭಾರ ‘ವಾಟರ್’ ಮೇಲೆ. ರೀಡಿಂಗ್ ರೂಮ್, ವಾಕಿಂಗ್ ಸ್ಟಿಕ್, ವಾಷಿಂಗ್ ಮೆಷೀನ್ ಎಂಬವುಗಳೆಲ್ಲ ಮೊದಲನೆಯ ವರ್ಗದವು.

ಭಾರದ ಪರಿವೆ ಇಲ್ಲದಿದ್ದರೆ ಅರ್ಥವೂ ಕೈತಪ್ಪುವುದುಂಟು. ಶೀತದೇಶಗಳಲ್ಲಿ ಗಿಡಗಳನ್ನು ಬೆಳೆಸುವ ಗಾಜಿನ ಮನೆಗೆ ‘ಗ್ರೀನ್‌ಹೌಸ್’ ಎಂಬ ಹೆಸರು. ಭಾರ ‘ಗ್ರೀನ್’ ಮೇಲೆ. ಇದು ಕನ್ನಡದಲ್ಲಿ ‘ಹಸಿರುಮನೆ’ಯಾಯಿತು. ಹಸಿರುಮನೆ ಪರಿಣಾಮದ ಚಿತ್ರ ಬರೆಯಲು ಹೇಳಿದಾಗ ನನ್ನ ವಿದ್ಯಾರ್ಥಿಯೊಬ್ಬ ಗೋಡೆಗೂ ಮಾಡಿಗೂ ಹಸಿರು ಬಣ್ಣ ಬಳಿದ ಒಂದು ಮನೆಯನ್ನು ಬಹು ಶ್ರದ್ಧೆಯಿಂದ ಬರೆದು ತಂದಿದ್ದ. ಹುಡುಗನನ್ನು ಆಕ್ಷೇಪಿಸಲಾಗದು. ಆ ಎರಡು ಪದಗಳು ಕೂಡಿ ಬೇರೊಂದು ವಸ್ತುವಿನ ಹೆಸರಾಗಿವೆಯೆಂಬ ಸೂಚನೆ ಅವನ ಕಿವಿಗೆ ತಲುಪಿರಲಿಲ್ಲ.

ನಿಯಮದ ಎಲ್ಲೆಗಳು

ಈ ನಿಯಮಕ್ಕೆ ಅಪವಾದಗಳಿವೆ; ಅವುಗಳಲ್ಲಿಯೂ ಒಂದು ಬಗೆಯ ಕ್ರಮವಿದೆ. ಮೊದಲ ಪದ ವಸ್ತು ಯಾವುದರಿಂದ ಆದುದೆಂದು ಹೇಳುತ್ತಿದ್ದರೆ ಭಾರ ಸಾಮಾನ್ಯವಾಗಿ ಎರಡನೆಯ ಪದಕ್ಕೆ ಹೋಗುತ್ತದೆ. ಹತ್ತಿಯಿಂದಾದ ‘ಕಾಟನ್ ಶರ್ಟ್’ ಎಂಬಲ್ಲಿ ಭಾರ ‘ಶರ್ಟ್’ ಮೇಲೆ. ಹತ್ತಿಯ ಗಿರಣಿಯಾದ ‘ಕಾಟನ್ ಮಿಲ್’ ಎಂಬಲ್ಲಿ ಭಾರ ‘ಕಾಟನ್’ ಮೇಲೆ, ಏಕೆಂದರೆ ಗಿರಣಿ ಹತ್ತಿಯಿಂದ ಕಟ್ಟಿದುದಲ್ಲ. ಸಿಲ್ವರ್ ಸ್ಪೂನ್, ಸ್ಟೋನ್ ವಾಲ್ ಎಂಬವು ಶರ್ಟಿನ ಗುಂಪಿಗೆ ಸೇರಿದವು. ಬೀದಿಗಳ ಹೆಸರಿನಲ್ಲಿ ವಿಚಿತ್ರವೊಂದಿದೆ. ‘ಆಕ್ಸ್‌ಫರ್ಡ್ ಸ್ಟ್ರೀಟ್’ ಎಂಬಲ್ಲಿ ಭಾರ ಊರಿನ ಹೆಸರಿಗೆ, ‘ಆಕ್ಸ್‌ಫರ್ಡ್ ರೋಡ್’ ಎಂಬಲ್ಲಿ ಭಾರ ‘ರೋಡ್’ ಎಂಬುದಕ್ಕೆ. ಇಂತಹವುಗಳನ್ನು ರೂಢಿಯಿಂದಲೇ ಕಲಿಯಬೇಕು.

ಕ್ರಿಯಾಪದಕ್ಕೂ ಅದರಿಂದಾದ ನಾಮಪದಕ್ಕೂ ಭಾರದ ಸ್ಥಾನ ಬೇರೆ. ಬಸ್ಸು ಕೆಟ್ಟು ನಿಂತಿತೆಂದು ಹೇಳುವಾಗ ‘ಬ್ರೇಕ್ ಡೌನ್’ ಎಂಬ ಕ್ರಿಯೆಯಲ್ಲಿ ‘ಡೌನ್’ ಭಾರವಾಗಿ ಕೇಳಬೇಕು. ಕೆಟ್ಟು ನಿಂತ ಘಟನೆಗೆ ‘ಬ್ರೇಕ್‌ಡೌನ್’ ಎಂಬ ಹೆಸರಾದಾಗ ಭಾರ ‘ಬ್ರೇಕ್’ ಮೇಲೆ. ಮೊದಲ ದರ್ಜೆಯೆಂಬ ‘ಫಸ್ಟ್ ಕ್ಲಾಸ್’ ಒಂಟಿಯಾಗಿ ಬಂದರೆ ಭಾರ ‘ಕ್ಲಾಸ್’ ಮೇಲಿರುತ್ತದೆ; ‘ಫಸ್ಟ್ ಕ್ಲಾಸ್ ಟಿಕೆಟ್’ ಎಂದಾಗ, ಮುಂದಿರುವ ಟಿಕೆಟ್ಟಿನ ಭಾರಕ್ಕೆ ಎಡೆಕೊಟ್ಟು, ಅದು ‘ಫಸ್ಟ್’ ಕಡೆಗೆ ಸರಿಯುತ್ತದೆ.

ಮೂರು ಪದಗಳು ಸೇರಿದಾಗ ಬೆಸುಗೆ ಮತ್ತು ಭಾರ ಎರಡೂ ಒಟ್ಟಿಗೆ ಕೆಲಸಮಾಡುವುದನ್ನು ಕಾಣಬಹುದು. ‘ಲೈಟ್‌ಹೌಸ್ ಕೀಪರ್’ ಎಂದು ‘ಲೈಟ್’ಗೆ ಭಾರ ಕೊಟ್ಟರೆ ದೀಪಸ್ತಂಭದ ಕಾವಲುಗಾರ. ‘ಲೈಟ್ ಹೌಸ್‌ಕೀಪರ್’ ಎಂದು ‘ಹೌಸ್’ಗೆ ಭಾರ ಕೊಟ್ಟರೆ ಮೈತೂಕ ಕಡಿಮೆಯಿರುವ ಮನೆವಾರ್ತೆಯವಳು! ಇದು ಧ್ವನಿಪಾಠಗಳಲ್ಲಿ ಪ್ರಸಿದ್ಧವಾದ ಉದಾಹರಣೆ.

ಭಾರ ಕಳೆದುಕೊಂಡ ಪದದ ಗತಿ

ಭಾರವಿಲ್ಲದ ಭಾಗ ಕಾಲಕ್ರಮದಲ್ಲಿ ಸವೆದುಹೋಗುತ್ತದೆ. ಕಪ್ಪು ಬಸಿಗಳನ್ನಿಡುವ ಹಲಗೆ ಎಂಬ ಅರ್ಥದಲ್ಲಿ ಹುಟ್ಟಿದ ‘ಕಪ್-ಬೋರ್ಡ್’ ಇಂದು ‘ಕಬರ್ಡ್’ ಆಗಿದೆ. ಉಪವಾಸವನ್ನು ಮುರಿಯುವ ‘ಬ್ರೇಕ್-ಫಾಸ್ಟ್’ ಇಂದು ‘ಬ್ರೆಕ್‌ಫಸ್ಟ್’. ‘ಪೋಸ್ಟ್‌ಮನ್’ ಎಂಬಲ್ಲಿ ‘ಮ್ಯಾನ್’ ತನ್ನ ಪೂರ್ಣಸ್ವರವನ್ನು ಕಳೆದುಕೊಂಡಿದೆ. ‘ಸೂಪರ್‌ಮ್ಯಾನ್’ ಎಂಬ ಹೊಸ ಪದದಲ್ಲಿ ಇನ್ನೂ ಉಳಿಸಿಕೊಂಡಿದೆ. ಇನ್ನೂ ಹಳೆಯ ಕೆಲವು ಪದಗಳಲ್ಲಿ ಬೆಸುಗೆಯ ಗುರುತೇ ಅಳಿಸಿಹೋಗಿದೆ. ‘ಲಾರ್ಡ್’ ಎಂಬ ಘನವಾದ ಪದ ಹಳೆಯ ಇಂಗ್ಲಿಷಿನಲ್ಲಿ ‘ರೊಟ್ಟಿಯ ರಕ್ಷಕ’ ಎಂಬ ಸಮಾಸವಾಗಿತ್ತು. ‘ವಿಂಡೋ’ ಎಂಬುದು ಸ್ಕಾಂಡಿನೇವಿಯದ ಪ್ರಾಚೀನ ಭಾಷೆಯ ‘ಗಾಳಿಯ ಕಣ್ಣು’. ನಮ್ಮ ‘ಗವಾಕ್ಷ’ದಲ್ಲಿಯೂ ‘ಅಕ್ಷಿ’ಯೇ ಇದೆ, ಅದು ಗೋವಿನ ಕಣ್ಣು. ಆದರೆ ಅಕ್ಷರಗಳಿಗೆಲ್ಲ ಸಮಭಾಗ ಕೊಡುವ ನಾವು ಗವಾಕ್ಷದ ಕಣ್ಣನ್ನು ಉಳಿಸಿಕೊಂಡೆವು. ಮೊದಲ ಭಾಗಕ್ಕೆ ಭಾರವನ್ನೆಲ್ಲ ಕೊಟ್ಟ ಇಂಗ್ಲಿಷ್, ವಿಂಡೋದ ಕಣ್ಣನ್ನು ಕಳೆದುಕೊಂಡಿತು.

ಸಮಾಸಗಳನ್ನು ವರ್ಗೀಕರಿಸುವ ವಿದ್ಯೆ ನಮ್ಮ ದೇಶದ್ದೆಂಬುದನ್ನೂ ಇಲ್ಲಿ ನೆನೆಯಬೇಕು. ಕೆಂಪು ಎದೆಯುಳ್ಳ ಹಕ್ಕಿಯೆಂಬ ಅರ್ಥದ ‘ರೆಡ್‌ಬ್ರೆಸ್ಟ್’ನಂತಹ ಪದಗಳನ್ನು ಪಾಶ್ಚಾತ್ಯ ಭಾಷಾವಿಜ್ಞಾನಿಗಳು ಇಂದಿಗೂ ‘ಬಹುವ್ರೀಹಿ’ ಎಂಬ ಸಂಸ್ಕೃತ ಹೆಸರಿನಿಂದಲೇ ಕರೆಯುತ್ತಾರೆ. ಎಂಟನೆಯ ತರಗತಿಯಲ್ಲಿ ‘ಮುಕ್ಕಣ್ಣ’ನ ವಿಗ್ರಹವಾಕ್ಯ ಹೇಳಿದ ನಮ್ಮ ಮಕ್ಕಳಿಗೆ ಅದು ಪರಿಚಿತ ಶಬ್ದ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ಭಾರ ತಪ್ಪಿದರೆ ಮಾತು ತಿಳಿಯದಂತಾಗುತ್ತದೆಂಬುದು ಕೇವಲ ಊಹೆಯಲ್ಲ. ಭಾರತೀಯರ ಇಂಗ್ಲಿಷ್ ಇತರರಿಗೆ ಎಷ್ಟರಮಟ್ಟಿಗೆ ಅರ್ಥವಾಗುತ್ತದೆಂಬುದನ್ನು ಅಭ್ಯಸಿಸಿದ ಆರ್. ಕೆ. ಬನ್ಸಲ್ ಅವರ ಪ್ರಬಂಧ 1969ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ಪ್ರಕಟವಾಯಿತು. ಸ್ವರಾಘಾತದ ದೋಷವನ್ನು ಅವರು ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿದರು. ಹೀಗಿದ್ದರೂ ನಮ್ಮ ತರಗತಿಗಳಲ್ಲಿ ಸ್ಪೆಲ್ಲಿಂಗಿಗೆ ಸಲ್ಲುವ ಕಾಲದ ಹತ್ತರಲ್ಲೊಂದು ಪಾಲೂ ಇದಕ್ಕೆ ಸಲ್ಲುತ್ತಿಲ್ಲ. ಪರೀಕ್ಷೆಯ ಪತ್ರಿಕೆ ಕಿವಿಯನ್ನು ಪರೀಕ್ಷಿಸುವುದಿಲ್ಲವಷ್ಟೆ!

ಇದಕ್ಕೆ ಹಣದ ವೆಚ್ಚವಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ಪಾಠದಲ್ಲಿ ಬಂದ ಐದು ಸಮಾಸಪದಗಳನ್ನು ಮಗು ಆರಿಸಿಕೊಳ್ಳಲಿ. ಪ್ರತಿಯೊಂದರ ಬೆಸುಗೆಯಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಲಿ. ಬಳಿಕ ನಿಘಂಟನ್ನು ನೋಡಲಿ. ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟಿನ ಪರಂಪರೆಯಲ್ಲಿ ಬಂದ ಇಂದಿನ ವಿದ್ಯಾರ್ಥಿ ನಿಘಂಟುಗಳಲ್ಲಿ, ಭಾರವಿರುವ ಉಚ್ಚಾರಾಂಶದ ಮುಂದೆ ಮೇಲ್ಭಾಗದಲ್ಲಿ ಒಂದು ಸಣ್ಣ ನೆಟ್ಟಗೆರೆ ಇರುತ್ತದೆ. ಆ ಗೆರೆಯನ್ನು ಹುಡುಕುವುದು ಮಕ್ಕಳಿಗೆ ಒಂದು ಆಟವಾಗಬಲ್ಲುದು. ಕೈಯಲ್ಲಿರುವ ಮೊಬೈಲಿನ ನಿಘಂಟು ಪದವನ್ನು ನುಡಿದೂ ತೋರಿಸುತ್ತದೆ. ಅದನ್ನು ಕೇಳಿ, ಭಾರ ಬೀಳುವಲ್ಲಿ ಮೇಜನ್ನು ಗಟ್ಟಿಯಾಗಿ, ಉಳಿದೆಡೆ ಮೆಲ್ಲನೆ ತಟ್ಟುತ್ತ ಹೇಳಲಿ. ಕೊನೆಗೆ ಆ ಪದವನ್ನು ಒಂದು ವಾಕ್ಯದಲ್ಲಿಟ್ಟು ಹೇಳಲಿ. ತಾಯಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ತಾಳ ತಪ್ಪಿತೋ ಇಲ್ಲವೋ ಎಂದು ಹೇಳಲು ಭಜನೆಯಲ್ಲಿ ಕೈತಟ್ಟಿ ಹಾಡಿದ ಕಿವಿ ಸಾಕು.

ಇಂಗ್ಲಿಷರನ್ನು ಅನುಕರಿಸುವುದು ಈ ಅಭ್ಯಾಸದ ಗುರಿಯಲ್ಲ. ನಾವು ಆಡಿದ್ದು ಇತರರಿಗೆ ತಿಳಿಯಬೇಕು, ಅವರು ಆಡಿದ್ದು ನಮಗೆ ತಿಳಿಯಬೇಕು, ಅಷ್ಟೇ. ಅದಕ್ಕಾಗಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಬೇಕಾಗಿಲ್ಲ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ ಏಕೆ ಆಗುತ್ತದೆಂದು ಅರಿತ ಮಗುವಿಗೆ, ಬ್ಲ್ಯಾಕ್ ಮತ್ತು ಬೋರ್ಡ್ ಸೇರಿದಾಗ ಭಾರ ಏಕೆ ಮುಂದಕ್ಕೆ ಸರಿಯುತ್ತದೆಂದು ತಿಳಿಸಲು ಒಂದು ತರಗತಿಯ ಅವಧಿ ಸಾಕು.